ಸಾಲ, ಜೀತ ಮತ್ತು ದೇಶಾಧಿಪತಿಯ ಊಟ: ನೆಹೆಮೀಯ 5ನೇ ಅಧ್ಯಾಯದ ಪ್ರಕರಣ ಅಧ್ಯಯನ

ಬೈಬಲ್‌ನಲ್ಲಿ ನ್ಯಾಯ, ಆಳುವವರ ಹೊಣೆ ಅಂದ ಕೂಡಲೇ ಹೆಚ್ಚಿನವರು ನಾಬೋತನ ದ್ರಾಕ್ಷಿತೋಟದ ಕತೆಗೆ ಹೋಗುತ್ತಾರೆ. ಅಹಾಬ ರಾಜ ತೋಟ ಕೇಳಿದ, ನಾಬೋತ ಕೊಡಲ್ಲ ಅಂದ, ಈಜೆಬೆಲ್ ಸುಳ್ಳು ಸಾಕ್ಷಿ ಹೇಳಿಸಿ ಅವನನ್ನು ಕೊಲ್ಲಿಸಿದಳು. ತಪ್ಪು ಯಾರದ್ದು ಅಂತ ಚಿಕ್ಕ ಮಕ್ಕಳೂ ಹೇಳಿಬಿಡುತ್ತಾರೆ.

ನಾನು ಆರಿಸಿಕೊಂಡ ಪ್ರಕರಣ ಅಷ್ಟು ಸಲೀಸಲ್ಲ. ಇಲ್ಲಿ ಕೊಲೆ ಇಲ್ಲ, ಸುಳ್ಳು ಸಾಕ್ಷಿ ಇಲ್ಲ. ಬರ ಬಂದಿದೆ. ಇದ್ದವರು ಇಲ್ಲದವರಿಗೆ ಸಾಲ ಕೊಟ್ಟಿದ್ದಾರೆ, ಹೊಲ ಒತ್ತೆ ಇಟ್ಟುಕೊಂಡಿದ್ದಾರೆ, ಬಡ್ಡಿ ಕೇಳುತ್ತಿದ್ದಾರೆ. ಸಾಲ ತೀರಿಸಲಾಗದವರ ಮಕ್ಕಳು ಜೀತಕ್ಕೆ ಹೋಗಿದ್ದಾರೆ. ನ್ಯಾಯ ಹೇಳಬೇಕಾದ ದೇಶಾಧಿಪತಿ ಪಟ್ಟಿ ತೆಗೆದು ನೋಡಿದರೆ ಸಾಲ ಕೊಟ್ಟವರ ಸಾಲಿನಲ್ಲಿ ಅವನೂ ಇದ್ದಾನೆ.

ಅವನ ಹೆಸರು ನೆಹೆಮೀಯ.

ಊರಿನ ಸ್ಥಿತಿ

ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ಸುಮಾರು 140 ವರ್ಷ ಕಳೆದಿತ್ತು. ಸೆರೆಗೆ ಹೋದವರಲ್ಲಿ ಒಂದಷ್ಟು ಜನ ಪರ್ಷಿಯನ್ನರ ಕಾಲದಲ್ಲಿ ವಾಪಸ್ ಬಂದಿದ್ದರು, ಕ್ರಿ.ಪೂ. 515ರ ಹೊತ್ತಿಗೆ ದೇವಾಲಯವನ್ನೂ ಮತ್ತೆ ಕಟ್ಟಿದ್ದರು. ಆದರೆ ಪಟ್ಟಣದ ಗೋಡೆ ಬಿದ್ದೇ ಇತ್ತು. ಯೆಹೂದ ಆಗ ಪರ್ಷಿಯಾ ಸಾಮ್ರಾಜ್ಯದ ಮೂಲೆಯಲ್ಲಿದ್ದ ಒಂದು ಪುಟ್ಟ ಪ್ರಾಂತ್ಯ, ಅಷ್ಟೇ.

ನೆಹೆಮೀಯ ಪರ್ಷಿಯಾದ ಶೂಷನ್ ಅರಮನೆಯಲ್ಲಿ ಅರ್ತಷಸ್ತ ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸದಲ್ಲಿದ್ದ. ಕೇಳೋಕೆ ಇದು ಬಟ್ಲರ್ ಕೆಲಸದ ಥರ ಅನ್ನಿಸಬಹುದು. ಆದರೆ ರಾಜರಿಗೆ ವಿಷ ಹಾಕುವ ಕಾಲದಲ್ಲಿ ಆ ಜಾಗಕ್ಕೆ ತೀರಾ ನಂಬಿಕಸ್ಥರನ್ನೇ ಇಡುತ್ತಿದ್ದರು. ಊರಿನ ಸುದ್ದಿ ತಂದವನು ಅವನ ಸಹೋದರ ಹನಾನಿ. ಕ್ರಿ.ಪೂ. 445ರಲ್ಲಿ, ಅಂದರೆ ರಾಜನ ಆಳ್ವಿಕೆಯ 20ನೇ ವರ್ಷದಲ್ಲಿ, ನೆಹೆಮೀಯ ಯೆಹೂದದ ದೇಶಾಧಿಪತಿಯಾಗಿ ರಾಜನ ಪತ್ರ ಹಿಡಿದುಕೊಂಡು ಯೆರೂಸಲೇಮಿಗೆ ಹೊರಟ. ಜೊತೆಗೆ ಸೇನಾಧಿಕಾರಿಗಳು, ಕುದುರೆ ಸವಾರರು.

ಬಂದವನೇ ಗೋಡೆ ಕಟ್ಟಿಸಲು ಶುರು ಮಾಡಿದ. 52 ದಿನದಲ್ಲಿ, ಎಲೂಲ್ ತಿಂಗಳ 25ಕ್ಕೆ ಕೆಲಸ ಮುಗಿಯಿತು. ಸಮಾರ್ಯದ ಸನ್ಬಲ್ಲಟ, ಅಮ್ಮೋನಿನ ಟೋಬೀಯ, ಅರಬನಾದ ಗೆಷೆಮ್ ಇದನ್ನು ತಡೆಯಲು ಹೊಂಚು ಹಾಕುತ್ತಿದ್ದರು. ಹಾಗಾಗಿ ಅರ್ಧ ಜನ ಕಲ್ಲು ಹೊರುತ್ತಿದ್ದರೆ ಇನ್ನರ್ಧ ಜನ ಈಟಿ ಹಿಡಿದು ಕಾಯುತ್ತಿದ್ದರು. ಎಲ್ಲರೂ ಮನಸ್ಸಿಟ್ಟು ಕೆಲಸ ಮಾಡಿದರು ಅಂತಲೂ ಅಲ್ಲ. ತೆಕೋವ ಊರಿನ ಸಾಮಾನ್ಯ ಜನ ಬಂದು ದುಡಿದರು, ಆದರೆ ಅಲ್ಲಿಯ ದೊಡ್ಡವರು ಕತ್ತು ಬಗ್ಗಿಸಲಿಲ್ಲ ಅಂತ ನೆಹೆಮೀಯನ ಪುಸ್ತಕದ 3ನೇ ಅಧ್ಯಾಯದಲ್ಲಿ ಬರೆದಿದೆ. ಬಡವರನ್ನು ಒಂದು ಜೊತೆ ಚಪ್ಪಲಿಗೆ ಮಾರುತ್ತೀರಲ್ಲ ಅಂತ ಮುನ್ನೂರು ವರ್ಷ ಹಿಂದೆ ಗುಡುಗಿದ ಪ್ರವಾದಿ ಆಮೋಸ ಇದೇ ತೆಕೋವದವನು.

ಎಲೂಲ್ ಅಂದರೆ ನಮ್ಮ ಆಗಸ್ಟ್-ಸೆಪ್ಟೆಂಬರ್. ಆ ಕಡೆ ಗೋಧಿ, ಬಾರ್ಲಿ ಕೊಯ್ಲು ಮುಗಿದು ದ್ರಾಕ್ಷಿ ಕೀಳುವ ಕಾಲ. ಗಂಡಸರು ಗೋಡೆಯ ಮೇಲಿದ್ದರೆ ತೋಟ ನೋಡಿಕೊಳ್ಳುವವರು ಯಾರು? 5ನೇ ಅಧ್ಯಾಯದ ಗಲಾಟೆ ಆ 52 ದಿನಗಳ ಒಳಗೇ ಆಯಿತೋ ಆಮೇಲಾಯಿತೋ ಅನ್ನುವುದರ ಬಗ್ಗೆ ಪಂಡಿತರಲ್ಲಿ ವಾದ ಇದೆ. ಗೋಡೆ ಕೆಲಸ ನಡೆಯುವಾಗಲೇ ಆಯಿತು ಅಂದರೆ ಒಂದು ವಿಷಯ ಚೆನ್ನಾಗಿ ಹೊಂದುತ್ತದೆ. ದೂರು ಕೊಟ್ಟವರು ಜನ ಮತ್ತು ಅವರ ಹೆಂಡತಿಯರು ಅಂತ ಮೊದಲ ವಚನವೇ ಹೇಳುತ್ತದೆ. ಹೆಂಗಸರನ್ನು ಹೀಗೆ ಬೇರೆಯಾಗಿ ಹೆಸರಿಸುವುದು ಇಂಥ ಬರಹಗಳಲ್ಲಿ ಅಪರೂಪ. ಮನೆಯಲ್ಲಿ ಕಾಳಿನ ಮಡಕೆ ಬರಿದಾಗಿರುವುದು ಅವರಿಗೇ ಮೊದಲು ಗೊತ್ತಾಗುವುದು, ಅಲ್ವಾ?

ಮೂರು ದೂರುಗಳು

ಕೂಗೆದ್ದದ್ದು ಒಂದೇ ಆದರೂ ಅದರೊಳಗೆ ಮೂರು ಗುಂಪುಗಳಿದ್ದವು. ಅವುಗಳನ್ನು ಕಲಸಿಬಿಟ್ಟರೆ ಪ್ರಕರಣ ಅರ್ಥವಾಗುವುದಿಲ್ಲ.

ಮೊದಲನೆಯವರ ಹತ್ತಿರ ಏನೂ ಇರಲಿಲ್ಲ. ಮಕ್ಕಳು ಜಾಸ್ತಿ, ಬದುಕಬೇಕಾದರೆ ಕಾಳು ಬೇಕು ಅಂದರು. ಅಷ್ಟೇ. ಇವರು ಒತ್ತೆ ಇಡುವ ಹೊಲದ ಮಾತೇ ಎತ್ತುವುದಿಲ್ಲ, ಬಹುಶಃ ಇರಲೇ ಇಲ್ಲ.

ಎರಡನೆಯವರಿಗೆ ಹೊಲ, ದ್ರಾಕ್ಷಿತೋಟ, ಮನೆ ಇದ್ದವು. ಬರಗಾಲದಲ್ಲಿ ಕಾಳು ಕೊಳ್ಳಲು ಅವನ್ನೆಲ್ಲ ಒತ್ತೆ ಇಡುತ್ತಿದ್ದರು.

ಮೂರನೆಯವರದು ಬೇರೆಯೇ ಕತೆ. ಇವರು ಊಟಕ್ಕೆ ಸಾಲ ಮಾಡಿದ್ದಲ್ಲ, ರಾಜನ ತೆರಿಗೆ ಕಟ್ಟಲು ಮಾಡಿದ್ದು. ಇವರ ಬಾಯಿಂದ ಬರುವ ಮಾತು ಈ ಅಧ್ಯಾಯದಲ್ಲೇ ತುಂಬಾ ನೋವಿನದು: ನಮ್ಮ ಮೈಯೂ ನಮ್ಮ ಅಣ್ಣತಮ್ಮಂದಿರ ಮೈಯೂ ಒಂದೇ, ನಮ್ಮ ಮಕ್ಕಳೂ ಅವರ ಮಕ್ಕಳೂ ಒಂದೇ, ಆದರೂ ನಾವು ನಮ್ಮ ಮಕ್ಕಳನ್ನು ಜೀತಕ್ಕೆ ಕೊಡಬೇಕಾಗಿದೆ. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಹೋಗಿಬಿಟ್ಟಿದ್ದಾರೆ. ಬಿಡಿಸಿಕೊಳ್ಳೋಣ ಅಂದರೆ ಹೊಲ, ತೋಟ ಬೇರೆಯವರ ಕೈಯಲ್ಲಿವೆ.

ಈ ಕೊನೆಯ ಮಾತಿನಲ್ಲಿ ಇಡೀ ಸುಳಿ ಇದೆ. ನಮ್ಮಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುವುದು ಅಂತ ಇದೆಯಲ್ಲ, ಅದನ್ನು ಕಂಡವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಹೊಲ ಸಾಲ ಕೊಟ್ಟವನ ಕೈಗೆ ಹೋದ ಮೇಲೆ ಬೆಳೆಯೂ ಅವನದೇ. ಬೆಳೆ ಇಲ್ಲದಿದ್ದರೆ ಸಾಲ ತೀರಿಸುವುದು ಯಾವುದರಿಂದ? ಉಳಿಯುವುದು ದುಡಿಯುವ ಕೈಗಳು ಮಾತ್ರ. ಅದರಲ್ಲೂ ಮೊದಲು ಹೋಗುವುದು ಮಕ್ಕಳು, ಮಕ್ಕಳಲ್ಲೂ ಮೊದಲು ಹುಡುಗಿಯರು.

ತೆರಿಗೆಯ ಭಾರ ಎಷ್ಟಿತ್ತು? ನೆಹೆಮೀಯನ ಕಾಲದವನೇ ಆದ ಗ್ರೀಕ್ ಇತಿಹಾಸಕಾರ ಹೆರಡೋಟಸ್ ಪರ್ಷಿಯಾದ ಪ್ರಾಂತ್ಯಗಳ ಕಪ್ಪದ ಪಟ್ಟಿ ಕೊಟ್ಟಿದ್ದಾನೆ. ಫಿನಿಷಿಯ, ಸಿರಿಯ, ಪಾಲೆಸ್ತೀನ, ಸೈಪ್ರಸ್ ಸೇರಿದ ಐದನೇ ಪ್ರಾಂತ್ಯದ ಪಾಲು ವರ್ಷಕ್ಕೆ 350 ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ) ಬೆಳ್ಳಿ. ಯೆಹೂದ ಅದರಲ್ಲಿ ಒಂದು ಚೂರು ಮಾತ್ರ. ಆದರೆ ರೈತನ ಕೈಯಲ್ಲಿರುವುದು ಕಾಳು ಮತ್ತು ಎಣ್ಣೆ, ಖಜಾನೆಗೆ ಬೇಕಾದದ್ದು ಬೆಳ್ಳಿ. ನಡುವೆ ಬೆಳ್ಳಿ ಇಟ್ಟುಕೊಂಡವನೊಬ್ಬ ಬೇಕೇ ಬೇಕು. ಇದರ ಮೇಲೆ ಸ್ಥಳೀಯ ಆಡಳಿತದ ವಸೂಲಿ ಬೇರೆ. ಯೆರೂಸಲೇಮಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ರಾಮತ್ ರಾಹೇಲ್‌ನಲ್ಲಿ ಅಗೆದಾಗ ಪ್ರಾಂತ್ಯದ ಹೆಸರಿನ ಮುದ್ರೆ ಒತ್ತಿದ ಜಾಡಿ ಹಿಡಿಕೆಗಳು ರಾಶಿ ಸಿಕ್ಕಿವೆ. ದ್ರಾಕ್ಷಾರಸ, ಎಣ್ಣೆಗಳ ರೂಪದಲ್ಲಿ ಬಂದ ತೆರಿಗೆಯನ್ನು ತುಂಬಿಡುತ್ತಿದ್ದ ಜಾಡಿಗಳು ಇವು ಅಂತ ಅಗೆದವರ ಅಭಿಪ್ರಾಯ.

ಸಾಲ ಕೊಟ್ಟವರು ಮಾಡಿದ್ದು ಕಾನೂನಿಗೆ ವಿರುದ್ಧವಾ?

ಈ ಪ್ರಶ್ನೆಯನ್ನು ಸುಮ್ನೆ ದಾಟಿ ಹೋಗುವಂತಿಲ್ಲ. ಯಾಕೆಂದರೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ.

ಬಡ್ಡಿ ವಿಷಯದಲ್ಲಿ ಮೋಶೆಯ ಧರ್ಮಶಾಸ್ತ್ರ ಖಡಾಖಂಡಿತ. ನಿನ್ನ ಜನರಲ್ಲಿ ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಹಾಕಬೇಡ ಅಂತ ವಿಮೋಚನಕಾಂಡ 22, ಯಾಜಕಕಾಂಡ 25, ಧರ್ಮೋಪದೇಶಕಾಂಡ 23 ಮೂರೂ ಹೇಳುತ್ತವೆ. ಆದರೆ ಒತ್ತೆ ಇಟ್ಟುಕೊಳ್ಳುವುದೇ ತಪ್ಪು ಅಂತ ಎಲ್ಲೂ ಇಲ್ಲ, ಅದಕ್ಕೆ ಮಿತಿಗಳಿವೆ. ಬೀಸುಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ. ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು, ಅವನೇ ತಂದುಕೊಡಬೇಕು. ಬಡವನ ಮೇಲುಹೊದಿಕೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಬೇಕು, ಇಲ್ಲದಿದ್ದರೆ ರಾತ್ರಿ ಅವನು ಏನು ಹೊದ್ದು ಮಲಗಬೇಕು? ಸಾಲಕ್ಕಾಗಿ ದುಡಿಯುವುದಕ್ಕೂ ಆರು ವರ್ಷದ ಗಡಿ ಇತ್ತು, ಏಳನೇ ವರ್ಷ ಬಿಡುಗಡೆ.

ಇದೆಲ್ಲ ಬರೀ ಪುಸ್ತಕದ ಮಾತಾಗಿರಲಿಲ್ಲ ಅನ್ನುವುದಕ್ಕೆ ಒಂದು ಮಡಕೆ ಚೂರು ಸಿಕ್ಕಿದೆ. 1960ರಲ್ಲಿ ಯಾವ್ನೆ ಹತ್ತಿರದ ಕಡಲ ತೀರದ ಒಂದು ಹಳೇ ಕೋಟೆಯಲ್ಲಿ ದೊರೆತದ್ದು. ಕ್ರಿ.ಪೂ. ಏಳನೇ ಶತಮಾನದ ಕೊನೆಯ ಕಾಲದ್ದು, ಅಂದರೆ ನೆಹೆಮೀಯನಿಗಿಂತ ಸುಮಾರು ಎರಡು ಶತಮಾನ ಹಿಂದಿನದು. ಕೊಯ್ಲಿನ ಆಳೊಬ್ಬ ಕೋಟೆಯ ಅಧಿಕಾರಿಗೆ ಕೊಟ್ಟ ಅರ್ಜಿ ಅದು. ನನ್ನ ಪಾಲಿನ ಕೊಯ್ಲು ಮುಗಿಸಿ ಕಾಳು ತುಂಬಿದ ಮೇಲೆ ಮೇಸ್ತ್ರಿ ಬಂದು ನನ್ನ ಬಟ್ಟೆ ಕಿತ್ತುಕೊಂಡು ಹೋದ, ಜೊತೆಗೆ ಕೊಯ್ದವರೆಲ್ಲ ನನ್ನ ಪರ ಸಾಕ್ಷಿ ಹೇಳುತ್ತಾರೆ, ದಯವಿಟ್ಟು ಬಟ್ಟೆ ವಾಪಸ್ ಕೊಡಿಸಿ ಅಂತ ಬೇಡಿಕೊಂಡಿದ್ದಾನೆ. ಮೇಸ್ತ್ರಿಯ ಹೆಸರು ಹೋಷವ್ಯಾಹು. ಆಳಿನ ಹೆಸರು ಉಳಿದಿಲ್ಲ. ಬಟ್ಟೆ ವಾಪಸ್ ಬಂತೋ ಇಲ್ಲವೋ, ಅದೂ ಚೂರಿನಲ್ಲಿ ಇಲ್ಲ. ಆದರೆ ಒಬ್ಬ ಕೂಲಿಯವನು ಒಂದು ಬಟ್ಟೆಗಾಗಿ ಅಧಿಕಾರಿಯ ಬಾಗಿಲು ತಟ್ಟಬಹುದು, ತಟ್ಟಿದರೆ ಕೇಳಿಸಿಕೊಳ್ಳುವುದು ಆ ಅಧಿಕಾರಿಯ ಕೆಲಸ ಅನ್ನುವ ನಂಬಿಕೆ ಆ ಸಮಾಜದಲ್ಲಿ ಇತ್ತು. ನೆಹೆಮೀಯನ ಮುಂದೆ ಕೂಗಿದ ಹೆಂಗಸರ ಹಿಂದೆಯೂ ಇದೇ ನಂಬಿಕೆ.

ಇನ್ನು ಬಡ್ಡಿ ದರ. 11ನೇ ವಚನದಲ್ಲಿ ದುಡ್ಡು, ಕಾಳು, ದ್ರಾಕ್ಷಾರಸ, ಎಣ್ಣೆ ಇವುಗಳ ನೂರನೇ ಒಂದು ಪಾಲು ಅಂತ ಇದೆ. ಅದು ತಿಂಗಳ ಲೆಕ್ಕ ಅಂತ ಹಲವರು ಓದುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳಬೇಕೆಂದರೆ ಒಂದು ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 12. ಆ ಕಾಲಕ್ಕೆ ಇದು ದುಬಾರಿ ಅಲ್ಲವೇ ಅಲ್ಲ. ಬಾಬಿಲೋನಿನಲ್ಲಿ ಬೆಳ್ಳಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 20 ಮಾಮೂಲಿ. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಯೆಹೂದಿ ಸೈನಿಕರ ಒಂದು ವಸತಿ ಇತ್ತು. ಅಲ್ಲಿ ಸಿಕ್ಕ ಕ್ರಿ.ಪೂ. 456ರ ಒಂದು ಸಾಲಪತ್ರ ನೋಡಿ. ಯೆಹೋಹೆನ್ ಅನ್ನುವ ಹೆಂಗಸು ಮೆಷುಲ್ಲಾಮ್ ಅನ್ನುವವನಿಂದ 4 ಶೆಕೆಲ್ (ಇದೂ ತೂಕದ ಅಳತೆ, ಚಿಕ್ಕದು) ಬೆಳ್ಳಿ ತೆಗೆದುಕೊಂಡಿದ್ದಾಳೆ. ತಿಂಗಳ ಬಡ್ಡಿ 8 ಹಲ್ಲೂರ್. ಒಂದು ಶೆಕೆಲ್‌ಗೆ 40 ಹಲ್ಲೂರ್. ಲೆಕ್ಕ ಹಾಕಿದರೆ ಐದು ರೂಪಾಯಿ ಬಡ್ಡಿ! ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೆ, ಆಮೇಲೆ ಅದಕ್ಕೂ ಬಡ್ಡಿ. ಕೊಟ್ಟವನೂ ಯೆಹೂದಿ, ತೆಗೆದುಕೊಂಡವಳೂ ಯೆಹೂದಿ. ಧರ್ಮಶಾಸ್ತ್ರ ಒಂದು ಕಡೆ, ವ್ಯವಹಾರ ಇನ್ನೊಂದು ಕಡೆ.

ಅಂದರೆ ಯೆರೂಸಲೇಮಿನ ಸಾಹುಕಾರರಿಗೆ ಹೇಳಿಕೊಳ್ಳಲು ಒಳ್ಳೆಯ ವಾದವೇ ಇತ್ತು. ನಾವು ಕಡಿಮೆ ಬಡ್ಡಿಗೆ ಕೊಟ್ಟಿದ್ದೇವೆ, ಒತ್ತೆ ಇಲ್ಲದೆ ಯಾರು ಕೊಡುತ್ತಾರೆ, ನಾವು ಕೊಡದಿದ್ದರೆ ಇವರು ಉಪವಾಸ ಸಾಯುತ್ತಿದ್ದರು. ಅವರು ಹೀಗೆ ಹೇಳಿದರು ಅಂತ ಪುಸ್ತಕದಲ್ಲಿಲ್ಲ. ಅವರ ಕಡೆಯ ಮಾತು ನಮಗೆ ಸಿಗುವುದೇ ಇಲ್ಲ, ಇರುವುದು ನೆಹೆಮೀಯನ ಸ್ವಂತ ಬರಹ ಒಂದೇ. ಪ್ರಕರಣ ಓದುವವರು ಇದನ್ನು ಮರೆಯಬಾರದು.

ನೆಹೆಮೀಯ ಏನು ಮಾಡಿದ

ಮೊದಲು ಸಿಟ್ಟು ಬಂತು. ಅದನ್ನು ಅವನೇ ಬರೆದುಕೊಂಡಿದ್ದಾನೆ. ಆದರೆ ಸಿಟ್ಟಿನಲ್ಲೇ ಹೊರಗೆ ಬರಲಿಲ್ಲ. ಮನಸ್ಸಿನಲ್ಲೇ ಆಲೋಚನೆ ಮಾಡಿದ, ಆಮೇಲೆ ಶ್ರೀಮಂತರನ್ನೂ ಅಧಿಕಾರಿಗಳನ್ನೂ ತರಾಟೆಗೆ ತೆಗೆದುಕೊಂಡ. ಈ ಮನುಷ್ಯನ ಸ್ವಭಾವ ಗೊತ್ತಿದ್ದರೆ ಆ ನಡುವಿನ ಆಲೋಚನೆ ಎಷ್ಟು ದೊಡ್ಡ ಸಂಗತಿ ಅಂತ ತಿಳಿಯುತ್ತದೆ. ಇದೇ ನೆಹೆಮೀಯ 13ನೇ ಅಧ್ಯಾಯದಲ್ಲಿ ಅನ್ಯಜನರ ಹೆಣ್ಣುಗಳನ್ನು ಮದುವೆಯಾದವರನ್ನು ಶಪಿಸಿ, ಹೊಡೆದು, ಕೂದಲು ಕಿತ್ತವನು. ಶಾಂತಮೂರ್ತಿ ಏನಲ್ಲ.

ಖಾಸಗಿಯಾಗಿ ಕರೆದು ಬೈದು ಮುಗಿಸಲಿಲ್ಲ. ದೊಡ್ಡ ಸಭೆ ಕರೆದ. ಸಾಲಗಾರರು ಎದುರಿಗೇ ಇದ್ದಾರೆ. ಅಲ್ಲಿ ಅವನು ಇಟ್ಟ ಮೊದಲ ಮಾತು ಧರ್ಮಶಾಸ್ತ್ರದ ಯಾವ ವಚನವೂ ಅಲ್ಲ. ಅನ್ಯಜನರಿಗೆ ಮಾರಿಹೋಗಿದ್ದ ನಮ್ಮ ಯೆಹೂದಿ ಅಣ್ಣತಮ್ಮಂದಿರನ್ನು ನಮ್ಮ ಕೈಲಾದಷ್ಟು ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದೆವು, ಈಗ ನೀವೇ ನಿಮ್ಮವರನ್ನು ಮಾರುತ್ತಿದ್ದೀರಿ, ನಾವು ಮತ್ತೆ ಕೊಳ್ಳಬೇಕಾ? ಅವರು ಬಾಯಿ ಬಿಡಲಿಲ್ಲ, ಏನು ಹೇಳಬೇಕೆಂದೇ ತೋಚಲಿಲ್ಲ ಅಂತ ಇದೆ. ನಾಚಿಕೆಯಿಂದ ಸುಮ್ಮನಾದರೋ, ರಾಜನ ಸವಾರರಿರುವ ದೇಶಾಧಿಪತಿಯ ಎದುರು ಭಯದಿಂದ ಸುಮ್ಮನಾದರೋ ಹೇಳುವುದು ಕಷ್ಟ. ಎರಡೂ ಇದ್ದೀತು.

ಆಮೇಲೆ, ನೀವು ಮಾಡುತ್ತಿರುವುದು ಒಳ್ಳೆಯದಲ್ಲ ಅಂದ. ಗಮನಿಸಿ, ಯಾವ ವಿಧಿ ಮುರಿದಿದ್ದೀರಿ ಅಂತ ಪಟ್ಟಿ ಮಾಡಲಿಲ್ಲ. ಪಟ್ಟಿ ಮಾಡಿದ್ದರೆ ಇದು ಮುರಿದಿಲ್ಲ, ಅದಕ್ಕೆ ಅವಕಾಶ ಇದೆ ಅಂತ ವಾದ ಶುರುವಾಗುತ್ತಿತ್ತು. ಒತ್ತೆಗೆ ಅವಕಾಶ ಇತ್ತು, ದುಡಿದು ತೀರಿಸುವುದಕ್ಕೂ ಇತ್ತು. ಬಿಡಿ ಬಿಡಿಯಾಗಿ ನೋಡಿದರೆ ಬಡ್ಡಿ ಒಂದನ್ನು ಬಿಟ್ಟು ಎಲ್ಲವೂ ಸರಿ. ಒಟ್ಟಾಗಿ ನೋಡಿದರೆ ಗೋಡೆ ಕಟ್ಟುತ್ತಿರುವವನ ಮಗಳು ಪಕ್ಕದ ಮನೆಯಲ್ಲಿ ಜೀತದಾಳು.

ಹತ್ತನೇ ವಚನ

ನನ್ನ ಪ್ರಕಾರ ಇಡೀ ಪ್ರಕರಣ ತಿರುಗುವುದು ಇಲ್ಲಿ. ಸಭೆಯ ಮಧ್ಯೆ ನೆಹೆಮೀಯ ಹೇಳುತ್ತಾನೆ: ನಾನೂ, ನನ್ನ ಸಹೋದರರೂ, ನನ್ನ ಸೇವಕರೂ ಇವರಿಗೆ ದುಡ್ಡು, ಕಾಳು ಸಾಲ ಕೊಟ್ಟಿದ್ದೇವೆ. ಈ ವಸೂಲಿಯನ್ನು ನಾವು ಬಿಟ್ಟುಬಿಡೋಣ.

ಈ ಮಾತನ್ನು ಮೆತ್ತಗೆ ಮಾಡಿ ಓದುವವರಿದ್ದಾರೆ. ಅವನು ಬಡ್ಡಿ ಇಲ್ಲದೆ ಕೊಟ್ಟಿದ್ದ, ಅದನ್ನು ಮಾದರಿಯಾಗಿ ತೋರಿಸಿದ ಅಂತ. ಇರಬಹುದು. ಆದರೆ ವಾಕ್ಯ ಇರುವ ಹಾಗೆ ಓದಿದರೆ ಬಿಟ್ಟುಬಿಡೋಣ ಅನ್ನುವುದರಲ್ಲಿ ಅವನೂ ಸೇರಿದ್ದಾನೆ. ಇಲ್ಲದ್ದನ್ನು ಬಿಡಲು ಆಗುತ್ತದಾ? ಅವನ ಮನೆಯವರು, ಆಳುಗಳು ಇದೇ ವ್ಯವಹಾರದಲ್ಲಿದ್ದರು ಅಂತಲೇ ನನಗೆ ಕಾಣುತ್ತದೆ.

ಇದನ್ನು ಅವನು ಮೊದಲೇ ಹೇಳಲಿಲ್ಲ ಅನ್ನುವುದನ್ನೂ ನೋಡಬೇಕು. ಮೊದಲು ಏಳನೇ ವಚನದಲ್ಲಿ ನೀವು ಅಂತ ಬೆರಳು ತೋರಿಸಿದ. ಹತ್ತನೇ ವಚನಕ್ಕೆ ಬರುವಾಗ ನಾವು ಆಯಿತು. ಆ ನಾವು ಬರದಿದ್ದರೆ ಸಾಹುಕಾರರ ಗುಂಪಿನಲ್ಲಿ ಯಾರಾದರೊಬ್ಬ ಮೆಲ್ಲಗೆ, ನಿಮ್ಮ ಕಣಜದಿಂದ ಹೋದ ಕಾಳಿನ ಲೆಕ್ಕ ಏನು ಸ್ವಾಮಿ ಅಂತ ಕೇಳಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು.

ಅವನು ಕೇಳಿದ ಪರಿಹಾರವೂ ಸಣ್ಣದಲ್ಲ. ಇನ್ನು ಮುಂದೆ ಬಡ್ಡಿ ಬೇಡ ಅಂತ ಹೇಳಿ ಬಿಟ್ಟಿದ್ದರೆ ಎಲ್ಲರೂ ಒಪ್ಪಿ ಮನೆಗೆ ಹೋಗುತ್ತಿದ್ದರು, ಹೊಲ ಮಾತ್ರ ಅಲ್ಲೇ ಇರುತ್ತಿತ್ತು. ಅವನು ಕೇಳಿದ್ದು ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪು, ಮನೆ ಎಲ್ಲ ವಾಪಸ್, ತೆಗೆದುಕೊಂಡ ಬಡ್ಡಿಯೂ ವಾಪಸ್. ಯಾವಾಗ? ಇವತ್ತೇ.

ಆ ಇವತ್ತೇ ಅನ್ನುವುದರ ಹಿಂದೆ ಒಂದು ಹಳೆಯ ಕಹಿ ಇದೆ. ಯೆರೆಮೀಯ 34ರಲ್ಲಿ ಅದು ಬರುತ್ತದೆ. ಬಾಬಿಲೋನಿನ ಸೇನೆ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ಚಿದ್ಕೀಯ ರಾಜ ಎಲ್ಲರಿಂದ ಒಡಂಬಡಿಕೆ ಮಾಡಿಸಿ ಇಬ್ರಿಯ ಜೀತದಾಳುಗಳನ್ನೆಲ್ಲ ಬಿಡಿಸಿದ. ಕರುವನ್ನು ಸೀಳಿ ಅದರ ಹೋಳುಗಳ ನಡುವೆ ನಡೆದು ಮಾಡಿದ ಗಟ್ಟಿ ಒಡಂಬಡಿಕೆ ಅದು. ಈಜಿಪ್ಟಿನ ಸೇನೆ ಬರುತ್ತಿದೆ ಅಂತ ಬಾಬಿಲೋನಿನವರು ಸ್ವಲ್ಪ ಹಿಂದೆ ಸರಿದರು. ಅಪಾಯ ತಪ್ಪಿತು ಅಂದದ್ದೇ ತಡ, ಯಜಮಾನರು ಬಿಟ್ಟವರನ್ನೆಲ್ಲ ಮತ್ತೆ ಹಿಡಿದು ತಂದು ಜೀತಕ್ಕೆ ಹಾಕಿದರು. ಸ್ವಲ್ಪ ಕಾಲದಲ್ಲೇ ಊರು ಸುಟ್ಟುಹೋಯಿತು. ಹಾಗಾಗಿ ಕೊಡುತ್ತೇವೆ, ಏನೂ ಕೇಳುವುದಿಲ್ಲ ಅಂತ ಸಾಹುಕಾರರು ಒಪ್ಪಿಕೊಂಡಾಗ ನೆಹೆಮೀಯ ಅದನ್ನೇ ನಂಬಿ ಕೂರಲಿಲ್ಲ. ಯಾಜಕರನ್ನು ಕರೆಸಿ ಅವರೆದುರು ಆಣೆ ಮಾಡಿಸಿದ. ತನ್ನ ಬಟ್ಟೆಯ ಮಡಿಲನ್ನು ಎಲ್ಲರ ಮುಂದೆ ಕೊಡವಿದ. ಈ ಮಾತಿಗೆ ತಪ್ಪಿದವನನ್ನು ದೇವರು ಅವನ ಮನೆಯಿಂದ, ಆಸ್ತಿಯಿಂದ ಹೀಗೇ ಕೊಡವಿಹಾಕಲಿ, ಅವನು ಬರಿದಾಗಲಿ ಅಂದ. ಆಗ ದುಡ್ಡು, ಕಾಳು ಇಟ್ಟುಕೊಳ್ಳುತ್ತಿದ್ದದ್ದು ಮಡಿಲಲ್ಲೇ. ಸಭೆ ಆಮೆನ್ ಅಂದಿತು. ಕೊಟ್ಟ ಮಾತಿನಂತೆ ಜನ ನಡೆದುಕೊಂಡರು ಅಂತ ಬರೆದಿದ್ದಾನೆ.

ಊಟದ ಖರ್ಚು

14ನೇ ವಚನದಿಂದ ಬೇರೆ ವಿಷಯ ಶುರುವಾದಂತೆ ಕಾಣುತ್ತದೆ. ನೆಹೆಮೀಯ ತನ್ನ ಬಗ್ಗೆ ತಾನೇ ಹೊಗಳಿಕೊಳ್ಳುತ್ತಿದ್ದಾನೆ ಅಂತ ಓದುಗರು ಬೇಗ ಬೇಗ ಪುಟ ತಿರುಗಿಸುತ್ತಾರೆ. ಹೊಗಳಿಕೆ ಇರುವುದು ನಿಜ. ಕೊನೆಗೆ, ದೇವರೇ ಈ ಜನಕ್ಕಾಗಿ ನಾನು ಮಾಡಿದ್ದನ್ನೆಲ್ಲ ನೆನಪಿಟ್ಟುಕೊಂಡು ನನಗೆ ಒಳ್ಳೆಯದು ಮಾಡು ಅಂತ ಕೇಳಿಯೂ ಬಿಡುತ್ತಾನೆ. ಆದರೆ ಈ ಭಾಗ ಇಲ್ಲದಿದ್ದರೆ ತೀರ್ಪು ಅರ್ಧವೇ.

ವಿಷಯ ಇಷ್ಟು. ದೇಶಾಧಿಪತಿಗೆ ಊಟದ ಭತ್ಯೆ ಅಂತ ಒಂದು ಇತ್ತು. ಅದನ್ನು ಕೊಡಬೇಕಾದವರು ಪ್ರಾಂತ್ಯದ ಜನ. ಹಿಂದಿನ ದೇಶಾಧಿಪತಿಗಳು ಆಹಾರ, ದ್ರಾಕ್ಷಾರಸದ ಜೊತೆ 40 ಶೆಕೆಲ್ ಬೆಳ್ಳಿಯನ್ನೂ ವಸೂಲು ಮಾಡುತ್ತಿದ್ದರು, ಅವರ ಆಳುಗಳೂ ಜನರ ಮೇಲೆ ದರ್ಬಾರು ಮಾಡುತ್ತಿದ್ದರು. ಈ ಕೊನೆಯದು ನಮಗೆ ಗೊತ್ತಿಲ್ಲದ್ದೇನಲ್ಲ. ಸಾಹೇಬರಿಗಿಂತ ಸಾಹೇಬರ ಡ್ರೈವರ್ ಜೋರು ಅಂತೀವಲ್ಲ.

ನೆಹೆಮೀಯ ಅರ್ತಷಸ್ತನ 20ನೇ ವರ್ಷದಿಂದ 32ನೇ ವರ್ಷದವರೆಗೆ, ಅಂದರೆ ಕ್ರಿ.ಪೂ. 445ರಿಂದ 433ರವರೆಗೆ 12 ವರ್ಷ ಆ ಭತ್ಯೆ ಮುಟ್ಟಲಿಲ್ಲ. ಅವನೂ ಮುಟ್ಟಲಿಲ್ಲ, ಅವನ ಸಹೋದರರೂ ಮುಟ್ಟಲಿಲ್ಲ. ಹಾಗಂತ ಖರ್ಚು ಕಡಿಮೆ ಇರಲಿಲ್ಲ. ಅವನ ಪಂಕ್ತಿಯಲ್ಲಿ ಯೆಹೂದ್ಯರು, ಅಧಿಕಾರಿಗಳು ಸೇರಿ 150 ಜನ ಊಟಕ್ಕೆ ಕೂರುತ್ತಿದ್ದರು. ಸುತ್ತಲ ದೇಶಗಳಿಂದ ಬಂದವರು ಬೇರೆ. ದಿನಕ್ಕೆ ಒಂದು ಎತ್ತು, ಆರಿಸಿದ ಆರು ಕುರಿ, ಜೊತೆಗೆ ಕೋಳಿಪಕ್ಷಿ. ಹತ್ತು ದಿನಕ್ಕೊಮ್ಮೆ ಬಗೆಬಗೆಯ ದ್ರಾಕ್ಷಾರಸ ಧಾರಾಳವಾಗಿ. ವರ್ಷಕ್ಕೆ 365 ಎತ್ತು, ಎರಡು ಸಾವಿರಕ್ಕೂ ಜಾಸ್ತಿ ಕುರಿ. ಸರಳ ಜೀವನ ಅಂತ ಇದನ್ನು ಕರೆಯಲು ಆಗುವುದಿಲ್ಲ. ದುಡ್ಡು ಎಲ್ಲಿಂದ ಬಂತು ಅಂತಲೂ ಅವನು ಹೇಳುವುದಿಲ್ಲ. ಅನುಕೂಲಸ್ಥನಾಗಿದ್ದ ಅನ್ನುವುದು ಮಾತ್ರ ಸ್ಪಷ್ಟ.

ಈಗ ಮೂರನೇ ಗುಂಪಿನ ದೂರಿಗೆ ವಾಪಸ್ ಬನ್ನಿ. ಅವರು ಸಾಲ ಮಾಡಿದ್ದು ರಾಜನ ತೆರಿಗೆಗೆ. ನೆಹೆಮೀಯ ಆ ತೆರಿಗೆಯನ್ನು ಒಂದು ಕಾಳಿನಷ್ಟೂ ಇಳಿಸಲಿಲ್ಲ. ಇಳಿಸು ಅಂತ ರಾಜನಿಗೆ ಬರೆದ ಅಂತಲೂ ಇಲ್ಲ. ಹೊಲವನ್ನು ವಾಪಸ್ ಕೊಡಿಸಿದ ಸರಿ, ಮುಂದಿನ ವರ್ಷ ತೆರಿಗೆಯವನು ಬಂದರೆ? ಮತ್ತೆ ಬೆಳ್ಳಿ ಬೇಕು, ಮತ್ತೆ ಸಾಲ ಬೇಕು. ರೋಗದ ಬೇರು ಶೂಷನ್‌ನಲ್ಲಿತ್ತು, ಅದು ಅವನ ಕೈಗೆ ಎಟುಕುವಂಥದ್ದಲ್ಲ. ಎಟುಕುವಂಥದ್ದು ಒಂದೇ ಇತ್ತು: ರಾಜನ ತೆರಿಗೆಯ ಮೇಲೆ ಸ್ಥಳೀಯವಾಗಿ ಬೀಳುತ್ತಿದ್ದ ದೇಶಾಧಿಪತಿಯ ಪಾಲು. ಅದನ್ನು ತೆಗೆದುಹಾಕಿದ. ಈ ಜನರ ಮೇಲೆ ಭಾರ ಜಾಸ್ತಿ ಇತ್ತು, ಅದಕ್ಕೇ ಭತ್ಯೆ ಕೇಳಲಿಲ್ಲ ಅಂತ 18ನೇ ವಚನದಲ್ಲಿ ಅವನೇ ಕಾರಣ ಕೊಡುತ್ತಾನೆ. ಹಾಗಾಗಿ ಅವನ ಊಟದ ಲೆಕ್ಕವನ್ನು ತ್ಯಾಗದ ಕತೆಯಾಗಿ ಓದುವುದಕ್ಕಿಂತ ಸಾಲದ ಪ್ರಕರಣದ ಎರಡನೇ ಆದೇಶವಾಗಿ ಓದುವುದು ಸರಿ ಅಂತ ನನ್ನ ಅಭಿಪ್ರಾಯ. ಮೊದಲ ಆದೇಶ ಸಾಹುಕಾರರಿಗೆ, ಎರಡನೆಯದು ತನಗೆ.

ಇನ್ನೊಂದು ಸಣ್ಣ ಮಾತು 16ನೇ ವಚನದಲ್ಲಿದೆ. ನಾವು ಹೊಲ ಕೊಂಡುಕೊಳ್ಳಲಿಲ್ಲ ಅಂತ. ಬರದಲ್ಲಿ ಹೊಲ ಮಣ್ಣಿನ ಬೆಲೆಗೆ ಸಿಗುತ್ತದೆ, ಕೈಯಲ್ಲಿ ಬೆಳ್ಳಿ ಇದೆ, ಅಧಿಕಾರ ಇದೆ. ಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಎದುರು ವಾದ

ಈ ತೀರ್ಪಿಗೆ ಗಟ್ಟಿಯಾದ ಆಕ್ಷೇಪ ಒಂದಿದೆ. ಇವತ್ತು ಹೊಲ ವಾಪಸ್ ಕೊಡಿಸಿದರೆ, ನಾಳೆ ಬರ ಬಂದಾಗ ಸಾಲ ಕೊಡುವವರು ಯಾರು? ಧರ್ಮೋಪದೇಶಕಾಂಡ 15 ಈ ಭಯವನ್ನು ಮೊದಲೇ ಊಹಿಸಿದೆ. ಸಾಲ ಬಿಡುವ ಏಳನೇ ವರ್ಷ ಹತ್ತಿರ ಬಂತು ಅಂತ ಲೆಕ್ಕ ಹಾಕಿ ಬಡವನಿಗೆ ಕೈ ಮುಚ್ಚಬೇಡ ಅಂತ ಎಚ್ಚರಿಸುತ್ತದೆ. ಎಚ್ಚರಿಕೆ ಸಾಕಾಗಲಿಲ್ಲ. ಶತಮಾನಗಳ ನಂತರ ಜನ ನಿಜಕ್ಕೂ ಸಾಲ ಕೊಡುವುದನ್ನು ನಿಲ್ಲಿಸುತ್ತಿದ್ದಾರೆ ಅಂತ ಕಂಡು ಹಿಲ್ಲೆಲ್ ಎಂಬ ಗುರು ಪ್ರೊಸ್ಬುಲ್ ಅನ್ನುವ ಪತ್ರದ ವ್ಯವಸ್ಥೆ ತಂದ. ಸಾಲವನ್ನು ನ್ಯಾಯಾಲಯದ ಕೈಗೆ ಒಪ್ಪಿಸಿಬಿಟ್ಟರೆ ಏಳನೇ ವರ್ಷದಲ್ಲೂ ಅದು ರದ್ದಾಗುವುದಿಲ್ಲ. ಬಡವನಿಗೆ ಸಾಲ ಸಿಗಲಿ ಅಂತ ಬಡವನ ಸಾಲಮನ್ನಾವನ್ನೇ ಬದಿಗಿಟ್ಟ ಏರ್ಪಾಡು. ಹಿಲ್ಲೆಲ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ, ಆದರೆ ನೆಹೆಮೀಯನ ಸಭೆಯಲ್ಲಿ ಅದು ಯಾರ ಕೆಲಸಕ್ಕೂ ಬರುತ್ತಿರಲಿಲ್ಲ. ಅಲ್ಲಿ ಮಕ್ಕಳು ಆಗಲೇ ಹೋಗಿದ್ದರು.

ಮುಂದೆ ಏನಾಯಿತು

ಒಂದು ಸಭೆಯ ಆಣೆಗೆ ಬಿಡದೆ ಇದನ್ನು ಬರಹಕ್ಕೂ ಇಳಿಸಿದರು. 10ನೇ ಅಧ್ಯಾಯದಲ್ಲಿ ಅಧಿಕಾರಿಗಳು, ಲೇವಿಯರು (ದೇವಾಲಯದ ಸೇವೆಯ ಕುಲದವರು), ಯಾಜಕರು ಮುದ್ರೆ ಹಾಕಿದ ಒಂದು ಒಪ್ಪಂದ ಇದೆ. ಏಳನೇ ವರ್ಷ ಭೂಮಿಯನ್ನು ಬೀಳು ಬಿಡುತ್ತೇವೆ, ಎಲ್ಲ ಸಾಲದ ವಸೂಲಿಯನ್ನೂ ಬಿಡುತ್ತೇವೆ ಅಂತ ಅದರಲ್ಲಿ ಸೇರಿದೆ. ಅದೇ ಒಪ್ಪಂದದಲ್ಲಿ ದೇವಾಲಯಕ್ಕೆ ವರ್ಷಕ್ಕೆ ಮೂರನೇ ಒಂದು ಶೆಕೆಲ್ ಕೊಡುತ್ತೇವೆ ಅಂತಲೂ ಇದೆ. ಅಂದರೆ ಬಡವನ ಮನೆಗೆ ಹೊಸದೊಂದು ಪಾವತಿಯೂ ಬಂತು. ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸಿದ್ದು ಇದು, ಸುಮ್ನೆ ಬಿಡುವಂಥದ್ದಲ್ಲ.

433ರಲ್ಲಿ ನೆಹೆಮೀಯ ರಾಜನ ಹತ್ತಿರ ಹೋದ. ಕೆಲವು ಕಾಲದ ಮೇಲೆ ಅಪ್ಪಣೆ ಪಡೆದು ಮತ್ತೆ ಯೆರೂಸಲೇಮಿಗೆ ಬಂದಾಗ ಒಪ್ಪಂದದ ಬಹುಪಾಲು ಗಾಳಿಗೆ ಹೋಗಿತ್ತು. ಯಾಜಕ ಎಲ್ಯಾಷೀಬ ದೇವಾಲಯದ ಉಗ್ರಾಣದ ಕೋಣೆಯನ್ನೇ ಟೋಬೀಯನಿಗೆ ಬಿಟ್ಟುಕೊಟ್ಟಿದ್ದ. ಲೇವಿಯರಿಗೆ ಪಾಲು ಸಿಗದೆ ಅವರು ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲೂ ಸಂತೆ ನಡೆಯುತ್ತಿತ್ತು, ತೂರ್ ಪಟ್ಟಣದವರು ಮೀನು ತಂದು ಮಾರುತ್ತಿದ್ದರು. ಅನ್ಯಜನರ ಜೊತೆ ಬೇಡ ಅಂದುಕೊಂಡಿದ್ದ ಮದುವೆಗಳು ಮತ್ತೆ ಆಗಿದ್ದವು. ನೆಹೆಮೀಯ ಒಂದೊಂದನ್ನೇ ಹಿಡಿದು ಜಗಳ ಮಾಡುತ್ತಾನೆ, ಟೋಬೀಯನ ಮನೆಸಾಮಾನನ್ನೆಲ್ಲ ಹೊರಗೆ ಎಸೆಯುತ್ತಾನೆ.

ಆ ಜಗಳಗಳ ಪಟ್ಟಿಯಲ್ಲಿ ಸಾಲ, ಒತ್ತೆ, ಜೀತ ಇಲ್ಲ. ಹೊಲ ಮತ್ತೆ ಸಾಹುಕಾರರ ಕೈಗೆ ಹೋಗಿದ್ದರೆ ಇವನು ಬಿಡುತ್ತಿದ್ದ ಅಂತ ನನಗನ್ನಿಸುವುದಿಲ್ಲ, ಅವನ ಸ್ವಭಾವ ಅಂಥದ್ದಲ್ಲ. ಆದರೆ ಬರೆದಿಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅಂತ ಸಾಧಿಸಲೂ ಬರುವುದಿಲ್ಲ. 13ನೇ ಅಧ್ಯಾಯದ ಹೊತ್ತಿಗೆ ಅವನ ಕಣ್ಣು ಜಾಸ್ತಿ ದೇವಾಲಯದ ಕಡೆ, ಮದುವೆಗಳ ಕಡೆ ಇತ್ತು. ಅವನ ನಂತರ ಬಂದ ದೇಶಾಧಿಪತಿಗಳಲ್ಲಿ ಒಬ್ಬನ ಹೆಸರು ಬಗೋಹಿ. ಎಲಿಫೆಂಟೈನ್‌ನ ಯೆಹೂದ್ಯರು ಕ್ರಿ.ಪೂ. 407ರಲ್ಲಿ, ಕೆಡವಿದ ತಮ್ಮ ದೇವಾಲಯದ ವಿಷಯಕ್ಕೆ ಅವನಿಗೆ ಅರ್ಜಿ ಬರೆದದ್ದು ಸಿಕ್ಕಿದೆ. ಆ ಅರ್ಜಿಯಲ್ಲಿ ಸಮಾರ್ಯದ ದೇಶಾಧಿಪತಿ ಸನ್ಬಲ್ಲಟನ ಮಕ್ಕಳ ಹೆಸರೂ ಇದೆ. ಬಗೋಹಿ ತನ್ನ ಊಟದ ಖರ್ಚನ್ನು ಯಾರಿಂದ ವಸೂಲು ಮಾಡುತ್ತಿದ್ದ ಅನ್ನುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.